ಪದ ಪರಿಚಯ: ಕೋಲ್ಡ್ ಫ್ರೇಮ್

ಅಮೆರಿಕ, ಕೆನಡಾ, ಇಂಗ್ಲೆಂಡುಗಳಲ್ಲಿ ನೆಲೆಸಿ ಹಿತ್ತಲಿನಲ್ಲಿ ಬದನೆ, ಹೀರೆ, ಅವರೆ ಬೆಳೆಯಲು ಹೊರಡುವ ಕನ್ನಡಿಗರಿಗೆ ಮೊದಲ ವರ್ಷದಲ್ಲೇ ಎದುರಾಗುವ ಪದಗಳಲ್ಲಿ ‘ಕೋಲ್ಡ್ ಫ್ರೇಮ್’ ಒಂದು. ಕೇಳಿದ ಕೂಡಲೇ ಅದು ಏನನ್ನೋ ತಣ್ಣಗಿಡುವ ಸಾಧನವಿರಬೇಕು ಎನ್ನಿಸುತ್ತದೆ. ಅದರ ಕೆಲಸ ಇದಕ್ಕೆ ತದ್ವಿರುದ್ಧ. ತಳವಿಲ್ಲದೆ ನೇರವಾಗಿ ನೆಲದ ಮೇಲೆ ಕೂರಿಸಿದ, ಮೇಲೆ ಗಾಜಿನ ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಿನ ಇಳಿಜಾರು ಮುಚ್ಚಳವಿರುವ, ಮೊಣಕಾಲೆತ್ತರದ ಪೆಟ್ಟಿಗೆಗೆ ಈ ಹೆಸರು. ಎಳೆಯ ಸಸಿಗಳನ್ನು ಚಳಿ, ಗಾಳಿ, ಆಲಿಕಲ್ಲುಗಳಿಂದ ಕಾಯುವುದಕ್ಕೆ ಅದನ್ನು ಬಳಸುತ್ತಾರೆ.

ಹಾಗಿದ್ದರೆ ‘ಕೋಲ್ಡ್’ ಏಕೆ? ಈ ಪೆಟ್ಟಿಗೆಗೆ ‘ಹಾಟ್‌ಬೆಡ್’ ಎಂಬ ಒಡಹುಟ್ಟು ಒಂದಿದೆ. ಗುಂಡಿ ತೋಡಿ, ಹಸಿ ಕುದುರೆ ಲದ್ದಿ ಮತ್ತು ಹುಲ್ಲನ್ನು ದಪ್ಪಗೆ ತುಂಬಿ, ಅದರ ಮೇಲೆ ಮಣ್ಣು ಹರಡಿ ಗಾಜು ಮುಚ್ಚಿದರೆ, ಕೊಳೆಯುವ ಲದ್ದಿಯ ಕಾವು ಕೆಳಗಿನಿಂದ ಸಸಿಗಳನ್ನು ಬೆಚ್ಚಗಿಡುತ್ತದೆ. ಹೊಸ ತಿಪ್ಪೆಯೊಳಗೆ ಕೈಯಿಟ್ಟು ನೋಡಿದವರಿಗೆ ಆ ಕಾವು ಎಷ್ಟಿರುತ್ತದೆಂದು ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ತರಕಾರಿ ಬೆಳೆಗಾರರು ಊರಿನ ಕುದುರೆ ಲಾಯಗಳ ಲದ್ದಿಯನ್ನು ಹೀಗೆಯೇ ಬಳಸಿ ನಡುಚಳಿಗಾಲದಲ್ಲೂ ಸೊಪ್ಪು ಬೆಳೆದು ಮಾರುತ್ತಿದ್ದರು. ಅದೇ ಪೆಟ್ಟಿಗೆಯ ಕೆಳಗೆ ಲದ್ದಿಯೂ ಇಲ್ಲ, ಬೇರೆ ಕಾವೂ ಇಲ್ಲ ಎಂದಾದರೆ ಅದು ಕೋಲ್ಡ್ ಫ್ರೇಮ್. ಆದ್ದರಿಂದ ಇಲ್ಲಿ ‘ಕೋಲ್ಡ್’ ಎಂದರೆ ತಣ್ಣಗಿನದು ಎಂದಲ್ಲ, ಸ್ವಂತ ಕಾವಿಲ್ಲದ್ದು ಎಂದರ್ಥ. ‘ಶೀತ ಚೌಕಟ್ಟು’ ಎಂಬ ಪದಶಃ ಅನುವಾದ ಓದುಗರನ್ನು ದಾರಿ ತಪ್ಪಿಸುತ್ತದೆ; ‘ಗಾಜುಮುಚ್ಚಳದ ಸಸಿಮಡಿ’ ಎಂದರೆ ತುಸು ಉದ್ದವಾದರೂ ಅರ್ಥ ಸರಿಯಾಗಿ ನಿಲ್ಲುತ್ತದೆಂದು ನನ್ನ ಅನಿಸಿಕೆ. ನಮ್ಮ ಸಸಿಮಡಿಗಳಿಗೆ ಹುಲ್ಲು ಹೊದಿಸುವುದು, ನೆರಳು ಬಲೆ ಕಟ್ಟುವುದು ಬಹುಮಟ್ಟಿಗೆ ಬಿಸಿಲು ಮತ್ತು ಜಡಿಮಳೆಯ ಕಾರಣದಿಂದ. ಹಾಗಾಗಿ ಇಂಥ ಪೆಟ್ಟಿಗೆಗೆ ಕನ್ನಡದಲ್ಲಿ ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ.

ಪದ ಹೊಸದಾದರೂ ಉಪಾಯ ಹಳೆಯದು. ರೋಮನ್ ಚಕ್ರವರ್ತಿ ಟೈಬೀರಿಯಸ್‌ನಿಗೆ (ಆಳ್ವಿಕೆ ಕ್ರಿ.ಶ. 14–37) ಸೌತೆಯ ಜಾತಿಯ ಒಂದು ಕಾಯಿ ದಿನವೂ ಬೇಕಾಗಿತ್ತೆಂದೂ, ತೋಟಗಾರರು ಅದರ ಬಳ್ಳಿಗಳನ್ನು ಗಾಲಿಯಿರುವ ಮಡಿಗಳಲ್ಲಿ ಬೆಳೆಸಿ, ಬಿಸಿಲಿಗೆ ಹೊರಗೆ ತಳ್ಳಿ, ಚಳಿಯ ದಿನಗಳಲ್ಲಿ ಪಾರದರ್ಶಕ ಕಲ್ಲಿನ ತೆಳು ಹಾಳೆಗಳ ಹಿಂದೆ ಇರಿಸುತ್ತಿದ್ದರೆಂದೂ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ.

ಪೆಟ್ಟಿಗೆ ಬೆಚ್ಚಗಾಗುವುದು ಹೇಗೆ? ಗಾಜು ಬಿಸಿಲನ್ನು ಒಳಗೆ ಬಿಟ್ಟು, ಕಾದ ಮಣ್ಣಿನಿಂದ ಮರಳುವ ಶಾಖದ ಕಿರಣಗಳನ್ನು ತಡೆಯುತ್ತದೆ ಎಂಬ ಪಾಠ ಶಾಲೆಯಲ್ಲಿ ಎಲ್ಲರೂ ಕಲಿತದ್ದು. ಅದು ಸುಳ್ಳಲ್ಲ, ಆದರೆ ಮುಖ್ಯ ಕಾರಣವೂ ಅಲ್ಲ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಒಂದು ಪೆಟ್ಟಿಗೆಗೆ ಗಾಜನ್ನೂ, ಮತ್ತೊಂದಕ್ಕೆ ಶಾಖದ ಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿಗಿಟ್ಟಾಗ ಎರಡರ ಉಷ್ಣತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಣ್ಣಿನಿಂದ ಕಾದ ಗಾಳಿ ಮೇಲೆದ್ದು ಹೋಗದಂತೆ ಮುಚ್ಚಳ ಹಿಡಿದಿಡುವುದೇ ಈ ಬೆಚ್ಚನೆಯ ಮುಖ್ಯ ಗುಟ್ಟು. ಮುಚ್ಚಳ ಸರಿಯಾಗಿ ಕೂರದೆ ಬಿರುಕಿನಲ್ಲಿ ಗಾಳಿಯಾಡಿದರೆ ಎಷ್ಟು ದುಬಾರಿಯ ಗಾಜು ಹಾಕಿದರೂ ಪ್ರಯೋಜನವಿಲ್ಲ ಎಂಬುದು ಇದರಿಂದಲೇ ಅರ್ಥವಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವವರು ಸಾಮಾನ್ಯವಾಗಿ ಯಾರೋ ಕಳಚಿ ಎಸೆದ ಹಳೆಯ ಕಿಟಕಿಯಿಂದ ಕೆಲಸ ಆರಂಭಿಸುತ್ತಾರೆ. ಮೊದಲು ಕಿಟಕಿಯನ್ನು ಅಳೆದು, ಆಮೇಲೆ ಆ ಅಳತೆಗೆ ಪೆಟ್ಟಿಗೆ ಹೊಂದಿಸುವುದು ಜಾಣತನ. ತಿರುಗುಮುರುಗಾಗಿ ಹೊರಟರೆ ಗಾಜು ಕತ್ತರಿಸಬೇಕಾಗುತ್ತದೆ. ಹಿಂದಿನ ಹಲಗೆ 45 ಸೆಂಟಿಮೀಟರ್, ಮುಂದಿನದು 30 ಸೆಂಟಿಮೀಟರ್ ಎತ್ತರವಿದ್ದರೆ ಮಳೆನೀರು ಹರಿದುಹೋಗಿ, ಬಿಸಿಲು ಹೆಚ್ಚು ನೇರವಾಗಿ ಬೀಳುವಷ್ಟು ಇಳಿಜಾರು ಸಿಗುತ್ತದೆ. ತಗ್ಗಿನ ಬದಿ ದಕ್ಷಿಣಕ್ಕಿರಬೇಕು. ಮಾರ್ಚ್ 20ರ ಸುಮಾರಿಗೆ ಡೆಟ್ರಾಯಿಟ್‌ನಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 48 ಡಿಗ್ರಿ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲಿನಲ್ಲೂ ಅವನು 53 ಡಿಗ್ರಿ ದಾಟುತ್ತಾನೆ. ಇಳಿಜಾರು ಬೇಕಾಗುವುದು ಏಕೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕು. ಹಳೆಯ ಸಾಮಾನಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿದ್ದು 1978ರಲ್ಲಿ, ಅದಕ್ಕೂ ಹಿಂದಿನ ಕಿಟಕಿಯಿಂದ ಉದುರುವ ಬಣ್ಣದ ಚಕ್ಕೆಗಳು ಸೊಪ್ಪು ಬೆಳೆಯುವ ಮಣ್ಣಿಗೆ ಬೀಳಬಾರದು.

ಕಟ್ಟುವುದಕ್ಕಿಂತ ನೋಡಿಕೊಳ್ಳುವುದು ಕಷ್ಟ. ನನ್ನ ಮೊದಲ ಪೆಟ್ಟಿಗೆಯ ಎಲೆಕೋಸಿನ ಸಸಿಗಳು ಸತ್ತದ್ದು ಚಳಿಯಿಂದಲ್ಲ. ಏಪ್ರಿಲ್ ತಿಂಗಳ ಒಂದು ಭಾನುವಾರ, ಹೊರಗೆ ಸ್ವೆಟರ್ ಬೇಕಾಗುವಷ್ಟು ತಂಪಿದ್ದುದರಿಂದ ಮುಚ್ಚಳ ತೆರೆಯದೆ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆ. ಮೂರು ಗಂಟೆಗೆ ಮರಳಿದಾಗ ಗಾಜಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು, ಸಸಿಗಳು ಬೇಯಿಸಿದ ಸೊಪ್ಪಿನಂತೆ ಮಣ್ಣಿಗೆ ಅಂಟಿಕೊಂಡಿದ್ದವು. ಹೊರಗೆ 10 ಡಿಗ್ರಿ ಸೆಲ್ಸಿಯಸ್ ಇರುವ ಬಿಸಿಲಿನ ದಿನ, ಮುಚ್ಚಿದ ಪೆಟ್ಟಿಗೆಯೊಳಗೆ 35 ಡಿಗ್ರಿ ದಾಟುವುದಕ್ಕೆ ಹೆಚ್ಚು ಹೊತ್ತು ಬೇಡ. ಆದ್ದರಿಂದ ಅನುಭವಸ್ಥರು ಒಳಗೊಂದು ಥರ್ಮಾಮೀಟರ್ ಇಟ್ಟು, ಸುಮಾರು 20 ಡಿಗ್ರಿ ಮುಟ್ಟುತ್ತಿದ್ದಂತೆ ಮುಚ್ಚಳದ ಕೆಳಗೆ ಕಚ್ಚುಗಳಿರುವ ಕೋಲೊಂದನ್ನು ಆನಿಸುತ್ತಾರೆ. ಕಚ್ಚು ಬದಲಿಸಿದಂತೆ ಸಂದು ಎರಡು ಬೆರಳಿನಷ್ಟೋ ಗೇಣಿನಷ್ಟೋ ಆಗುತ್ತದೆ. ಹಗಲೆಲ್ಲ ಕೆಲಸಕ್ಕೆ ಹೋಗುವವರಿಗಾಗಿ, ಕಾದಾಗ ಹಿಗ್ಗುವ ಮೇಣವನ್ನು ಕೊಳವೆಯಲ್ಲಿ ತುಂಬಿ, ವಿದ್ಯುತ್ತಿಲ್ಲದೆ ತಾನಾಗಿ ಮುಚ್ಚಳ ಎತ್ತುವ ಸಾಧನವೂ ಸಿಗುತ್ತದೆ. ಸಂಜೆ ಬಿಸಿಲು ಪೂರ್ತಿ ಇಳಿಯುವ ಮೊದಲೇ ಮುಚ್ಚಿದರೆ ಹಗಲಿನ ಕಾವು ಮಣ್ಣಿನಲ್ಲಿ ಉಳಿಯುತ್ತದೆ. ತೀರ ಚಳಿಯ ರಾತ್ರಿಗಳಲ್ಲಿ ಗಾಜಿನ ಮೇಲೆ ಹಳೆಯ ಕಂಬಳಿ ಹೊದಿಸಬೇಕು. ಗಾಳಿಯಾಡಿಸುವುದರಿಂದ ಇನ್ನೊಂದು ಲಾಭವಿದೆ: ತೇವ ಕಟ್ಟಿದ ಪೆಟ್ಟಿಗೆಯಲ್ಲಿ ಪಿಥಿಯಂ, ರೈಜೊಕ್ಟೋನಿಯಾಗಳಂಥ ರೋಗಕಾರಕಗಳು ಬೆಳೆದು ಬುಡ ಕೊಳೆಯಿಸಿ ಸಸಿಗಳನ್ನು ಕೆಡವುತ್ತವೆ.

ಮನೆಯೊಳಗೆ ಮೊಳೆಸಿದ ಸಸಿಗಳನ್ನು ಹದಗೊಳಿಸುವುದಕ್ಕೂ ಈ ಪೆಟ್ಟಿಗೆಗಿಂತ ಒಳ್ಳೆಯ ಜಾಗವಿಲ್ಲ. ದೀಪದ ಬೆಳಕಿನಲ್ಲಿ ಬೆಳೆದ ಟೊಮೆಟೊ ಸಸಿಯನ್ನು ನೇರ ಬಿಸಿಲಿಗಿಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಒಂದರಿಂದ ಎರಡು ವಾರ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳವನ್ನು ದಿನದಿನಕ್ಕೂ ಹೆಚ್ಚು ಹೊತ್ತು ತೆರೆಯುತ್ತ ಬಂದರೆ ಕಾಂಡ ಗಟ್ಟಿಯಾಗಿ, ಎಲೆಯ ಮೇಲ್ಪದರ ದಪ್ಪಗಾಗುತ್ತದೆ.

ಸ್ವಂತ ಕಾವಿಲ್ಲದ್ದರಿಂದ ಈ ಪೆಟ್ಟಿಗೆಯಿಂದ ರಾತ್ರಿ ಸಿಗುವ ರಕ್ಷಣೆ ಹೊರಗಿಗಿಂತ ಕೆಲವೇ ಡಿಗ್ರಿಗಳದು. ಪಾಲಕ್, ಲೆಟ್ಯೂಸ್, ಎಲೆಕೋಸು, ಕೊತ್ತಂಬರಿಗಳಿಗೆ ಅಷ್ಟು ಸಾಕಾಗುತ್ತದೆ. ಬದನೆ, ಹೀರೆ, ಅವರೆ ಬೆಚ್ಚನೆಯ ನಾಡಿನ ಬೆಳೆಗಳಾದ್ದರಿಂದ, ಹೊರಗಿನ ರಾತ್ರಿಗಳ ಚಳಿ ಸಾಕಷ್ಟು ಕಡಿಮೆಯಾದ ಮೇಲೆ ಮಾತ್ರ ಅವುಗಳನ್ನು ಒಳಗಿಡಬೇಕು. ಊರಿನಿಂದ ಆಸೆಪಟ್ಟು ಬೀಜ ತಂದು ಬೆಳೆಸಿದ ಕರಿಬೇವಿನ ಕುಂಡಕ್ಕಂತೂ ಚಳಿಗಾಲದಲ್ಲಿ ಅಡುಗೆಮನೆಯ ಕಿಟಕಿಯ ಪಕ್ಕವೇ ಸರಿಯಾದ ಜಾಗ.