ಹಳೇ ಕಾರು ಯಾವ ನೀರು ಕುಡಿದಿದೆ?

ಕೋಲಾರದ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಮೊದಲು ಮೀಟರ್ ನೋಡುತ್ತಾರೆ. ಆಮೇಲೆ ಟೈರ್ ನೋಡುತ್ತಾರೆ, ಬಾಗಿಲು ತೆಗೆದು ಹಾಕಿ ಸದ್ದು ಕೇಳುತ್ತಾರೆ, ಬಾನೆಟ್ ಎತ್ತಿ ಎಲ್ಲಾದರೂ ಆಯಿಲ್ ಸೋರಿದೆಯಾ ಅಂತ ಬಗ್ಗಿ ನೋಡುತ್ತಾರೆ. ಎಲ್ಲವೂ ಸರಿಯೇ. ಆದರೆ ನಮ್ಮ ಜಿಲ್ಲೆಯಲ್ಲಿ ಇದಕ್ಕೆಲ್ಲ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇಷ್ಟು ವರ್ಷ ಈ ಗಾಡಿಯ ರೇಡಿಯೇಟರಿಗೆ ಯಾವ ನೀರು ಹಾಕಿದ್ದೀರಿ? ಮೀಟರನ್ನು ಹಿಂದಕ್ಕೆ ತಿರುಗಿಸುವವರು ಇದ್ದಾರೆ. ನೀರು ಬಿಟ್ಟುಹೋದ ಗುರುತನ್ನು ಅಷ್ಟು ಸುಲಭವಾಗಿ ಅಳಿಸಲು ಬರುವುದಿಲ್ಲ.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಬಿಟ್ಟರೆ ಬೋರ್‌ವೆಲ್ಲೇ ಗತಿ. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಯಾರಿಗೂ ಆಶ್ಚರ್ಯದ ಸುದ್ದಿಯಲ್ಲ. ನೆಲದಡಿ ಗಟ್ಟಿ ಬಂಡೆ. ಆ ಬಂಡೆಯ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತಿರುತ್ತದೆ. ನಿಂತಷ್ಟೂ ಕಲ್ಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಕರಗುತ್ತಾ ಹೋಗುತ್ತವೆ. ಅದೇ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮೂರಿನ ನೀರಿನ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಕಾರಿಗೆ ಮಾತ್ರ ನಲ್ಲಿಯ ನೀರೇ ಸಾಕು ಅಂದುಕೊಂಡಿದ್ದೇವೆ.

ಇಂಜಿನ್ನಿಗೆ ನೀರು ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ನೋಡೋಣ. ಪೆಟ್ರೋಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಅಂದರೆ ಅಲ್ಯೂಮಿನಿಯಂನಿಂದ ಮಾಡಿದ ಇಂಜಿನ್ನಿನ ತಲೆಭಾಗ, ಗ್ಯಾರೇಜಿನಲ್ಲಿ ಹೆಡ್ ಅನ್ನುತ್ತಾರಲ್ಲ, ಅದು ತನ್ನನ್ನೇ ಕರಗಿಸಬಲ್ಲ ಬೆಂಕಿಯ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದೆ. ನಾವು ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಕೂಡ ಚಕ್ರಕ್ಕೆ ತಲುಪುವುದಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರಿನಲ್ಲಿ ಹೋದರೆ, ಹೆಚ್ಚುಕಡಿಮೆ ಅಷ್ಟೇ ಪಾಲನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ಗಾಡಿ ಓಡುತ್ತಿರುವಷ್ಟು ಹೊತ್ತೂ ಇದು ನಿಲ್ಲುವಂತಿಲ್ಲ.

ಗಡಸು ನೀರು ಇಲ್ಲೇ ಕೈಕೊಡುವುದು. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತವೆ ಅಲ್ವಾ? ಕ್ಯಾಲ್ಸಿಯಂ ಕಾರ್ಬೊನೇಟ್ ಅದಕ್ಕೆ ಉಲ್ಟಾ. ತಣ್ಣನೆಯ ನೀರಿನಲ್ಲಿ ಅದು ಬೈಕಾರ್ಬೊನೇಟ್ ರೂಪದಲ್ಲಿ ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ನೀರು ಕಾದಾಗ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ, ಸುಣ್ಣದಂಥ ಬಿಳಿ ಪದರ ಕೂರುತ್ತದೆ. ಸ್ನಾನದ ಹಂಡೆಯ ಒಳಗೆ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಗಟ್ಟಿ ಇದೇ. ಹಂಡೆಯಲ್ಲಿ ಕಟ್ಟಿದರೆ ಕೆರೆದು ತೆಗೆಯಬಹುದು. ಇಂಜಿನ್ನಿನೊಳಗೆ ಅದು ಕೂರುವುದು ಎಲ್ಲಿ ಬಿಸಿ ಜಾಸ್ತಿಯೋ ಅಲ್ಲಿ: ಹೆಡ್ಡಿನೊಳಗೆ, ಎಕ್ಸಾಸ್ಟ್ ವಾಲ್ವಿನ ಸುತ್ತಮುತ್ತ. ಅಲ್ಲಿಗೆ ಕೈ ಹೋಗುವುದಿಲ್ಲ. ಬಿಸಿ ಬೇಗ ಹೊರಹೋಗಬೇಕಾದ ಜಾಗದಲ್ಲೇ ಅಡ್ಡಗೋಡೆ ಎದ್ದಂತಾಯಿತು. ಈ ಪದರಕ್ಕಿಂತ ಅಲ್ಯೂಮಿನಿಯಂ ಸುಮಾರು ನೂರು ಪಟ್ಟು ಚೆನ್ನಾಗಿ ಬಿಸಿಯನ್ನು ದಾಟಿಸುತ್ತದೆ. ಹಾಗಾಗಿ ಒಂದು ಮಿಲಿಮೀಟರ್ ಸುಣ್ಣ ಕೂತರೆ, ಹೆಡ್ಡಿನ ಗೋಡೆಗೆ ಹತ್ತು ಸೆಂಟಿಮೀಟರ್ ಲೋಹ ಹೆಚ್ಚಿಗೆ ಸೇರಿಸಿದಷ್ಟು ತಡೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಚಿಕ್ಕ ಕಾರಿಗೆ ನಾಲ್ಕು ಲೀಟರ್ ನೀರು ಹಿಡಿಯುತ್ತದೆ ಅಂದುಕೊಳ್ಳೋಣ. ಲೀಟರಿಗೆ 600 ಮಿಲಿಗ್ರಾಂ ಗಡಸುತನವಿದ್ದರೂ ಒಟ್ಟು ಸುಣ್ಣ 2.4 ಗ್ರಾಂ. ಅಷ್ಟೇ. ಒಂದು ಸಲ ಬೋರ್ ನೀರು ತುಂಬಿಸಿದ್ದಕ್ಕೆ ಯಾವ ಇಂಜಿನ್ನೂ ಸಾಯುವುದಿಲ್ಲ. ಕೆಡುಕು ಇರುವುದು "ಟಾಪ್ ಅಪ್" ಅನ್ನುವ ಅಭ್ಯಾಸದಲ್ಲಿ. ಎಲ್ಲೋ ಸಣ್ಣ ಲೀಕ್ ಇರುತ್ತದೆ. ಮಾಲೀಕರು ವಾರಕ್ಕೆ ಅರ್ಧ ಲೀಟರ್ ಸುರಿಯುತ್ತಾರೆ. ವರ್ಷಕ್ಕೆ 26 ಲೀಟರ್ ಆಯಿತು, ಅಂದರೆ 15 ಗ್ರಾಮಿಗಿಂತ ಹೆಚ್ಚು ಸುಣ್ಣ. ಐದು ವರ್ಷಕ್ಕೆ 75 ಗ್ರಾಂ ದಾಟುತ್ತದೆ. ಎಲ್ಲವೂ ಒಳಗೇ ಕೂರುವುದಿಲ್ಲ ನಿಜ, ಆದರೆ ನೀರು ಆವಿಯಾಗಿ ಹೋದಾಗ ಸುಣ್ಣ ಅದರ ಜೊತೆ ಹೋಗುವುದಿಲ್ಲ. "ಸ್ವಲ್ಪ ನೀರು ತಗೊಳ್ಳುತ್ತೆ ಅಷ್ಟೇ, ಬೇರೇನೂ ಪ್ರಾಬ್ಲಂ ಇಲ್ಲ" ಅಂತ ಮಾರುವವರು ಹೇಳಿದರೆ, ಆ ಮಾತಿನಲ್ಲಿರುವ "ಅಷ್ಟೇ"ಯನ್ನು ನಂಬಬೇಡಿ.

ಹಾಗಾದರೆ ಏನು ನೋಡಬೇಕು? ಗಾಡಿ ನೋಡಲು ಬೆಳಿಗ್ಗೆ ಹೋಗಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಟ್ಟಿರಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ, ಇದರಲ್ಲಿ ಯಾವ ಧೈರ್ಯವೂ ಬೇಡ. ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತಿರುಗಿಸಿ, ಟಾರ್ಚ್ ಬಿಟ್ಟು ನೋಡಿ.

ಟೊಮೆಟೊ ಬಾಕ್ಸ್ ಹೊತ್ತು ಎಪಿಎಂಸಿಗೆ ಓಡಾಡಿದ ಹಳೇ ಓಮ್ನಿಯೊಂದರ ಮುಚ್ಚಳ ಹೀಗೆ ತೆಗೆದಾಗ ಕಂಡದ್ದನ್ನು ಹೇಳುತ್ತೇನೆ. ಬಾಯಿಯ ಸುತ್ತ ಬಿಳಿ ಉಂಗುರ ಕಟ್ಟಿತ್ತು, ಉಗುರಿನಿಂದ ಕೆರೆದರೆ ಹುಡಿ ಉದುರುತ್ತಿತ್ತು. ಒಳಗಿನ ನೀರು ಕೆಂಪು ಮಣ್ಣಿನ ಬಣ್ಣ. ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿತ್ತು. ಕೊಳವೆಗಳ ಬಾಯಿ ಅರ್ಧಕ್ಕರ್ಧ ಮುಚ್ಚಿತ್ತು, ತಳದಲ್ಲಿ ಹಳದಿ ಗಸಿ. ಆ ಹಳದಿ ಅರಿಶಿನದ್ದು. ರೇಡಿಯೇಟರಿನ ಸಣ್ಣ ತೂತು ಮುಚ್ಚಲು ಅರಿಶಿನ ಪುಡಿ ಹಾಕುವ ಉಪಾಯ ನಮ್ಮ ದೇಶದ ಡ್ರೈವರ್‌ಗಳಿಗೆಲ್ಲ ಗೊತ್ತು. ನಡುರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಸೇರಲು ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅದನ್ನೇ ರಿಪೇರಿ ಅಂತ ಬಿಟ್ಟರೆ ತೂತಿನ ಜೊತೆ ಒಳ್ಳೆಯ ಕೊಳವೆಗಳೂ ಕಟ್ಟಿಕೊಳ್ಳುತ್ತವೆ.

ಮುಚ್ಚಳ ತೆಗೆಯಲು ಬಿಡದಿದ್ದರೂ ಸುಳಿವು ಸಿಗುತ್ತದೆ. ಗಾಜಿಗೆ ನೀರು ಚಿಮ್ಮುವ ವಾಷರ್ ಒತ್ತಿ ನೋಡಿ. ಸಣ್ಣ ತೂತು ಬಿಳಿ ಹುಡಿಯಿಂದ ಕಟ್ಟಿದ್ದರೆ ಅಲ್ಲಿ ಬೋರ್ ನೀರೇ ಹಾಕಿದ್ದಾರೆ ಅಂತ ಅರ್ಥ. ಅದಕ್ಕೆ ಹಾಕಿದವರು ರೇಡಿಯೇಟರಿಗೆ ಬೇರೆ ನೀರು ತಂದಿರುತ್ತಾರಾ? ಬ್ಯಾಟರಿಗೂ ಅದೇ ಕ್ಯಾನಿನಿಂದ ಸುರಿದಿರಬಹುದು. ಗಡಸು ನೀರಿನ ಕ್ಲೋರೈಡ್, ಕಬ್ಬಿಣದ ಅಂಶ ಬ್ಯಾಟರಿಯ ಪ್ಲೇಟುಗಳನ್ನೂ ಬೇಗ ಹಾಳುಮಾಡುತ್ತದೆ.

ಇನ್ನು ನಮ್ಮ ಕಡೆಯ ಎರಡು ಜಾಣತನಗಳ ಬಗ್ಗೆ ಹೇಳಲೇಬೇಕು. ಗಾಡಿ ಹೀಟ್ ಆಗುತ್ತಿದೆ ಅಂತ ಹೋದರೆ ಕೆಲವು ಗ್ಯಾರೇಜುಗಳಲ್ಲಿ "ಥರ್ಮೋಸ್ಟಾಟ್ ತೆಗೆದುಬಿಡೋಣ ಅಣ್ಣ" ಅನ್ನುತ್ತಾರೆ. ಥರ್ಮೋಸ್ಟಾಟ್ ಅಂದರೆ ನೀರಿನ ದಾರಿಯಲ್ಲಿರುವ ಸಣ್ಣ ಬಾಗಿಲು. ಅದರೊಳಗಿನ ಮೇಣ 80–90 ಡಿಗ್ರಿ ಹೊತ್ತಿಗೆ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಇಂಜಿನ್ ಬೇಗ ಬಿಸಿಯೇರಲಿ ಅಂತಲೇ ಅದನ್ನು ಇಟ್ಟಿರುವುದು. ತೆಗೆದುಹಾಕಿದರೆ ಇಂಜಿನ್ ಸದಾ ಅರೆಬಿಸಿಯಲ್ಲೇ ಓಡುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆರದೆ ಕೆಸರು ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಎರಡನೆಯದು ಫ್ಯಾನ್ ಡೈರೆಕ್ಟ್ ಮಾಡಿಸುವುದು. ನೀರು ಇಂತಿಷ್ಟು ಬಿಸಿಯಾದಾಗ ಮಾತ್ರ ತಿರುಗಬೇಕಾದ ಫ್ಯಾನನ್ನು ಕೀ ಹಾಕಿದ ಕೂಡಲೇ ತಿರುಗುವಂತೆ ವೈರ್ ಎಳೆದಿರುತ್ತಾರೆ. ಇವೆರಡೂ ಜ್ವರ ಇಳಿಸದೆ ಥರ್ಮಾಮೀಟರ್ ಬಚ್ಚಿಡುವ ಕೆಲಸ. ಎಸಿ ಆಫ್ ಇದ್ದು, ತಣ್ಣನೆಯ ಇಂಜಿನ್ ಸ್ಟಾರ್ಟ್ ಆದ ತಕ್ಷಣ ಫ್ಯಾನ್ ತಿರುಗಿದರೆ ಯಾಕೆ ಅಂತ ಕೇಳಿ. ಸೆನ್ಸರ್ ಕೆಟ್ಟಾಗಲೂ ಕೆಲವು ಗಾಡಿಗಳಲ್ಲಿ ಹೀಗಾಗುತ್ತದೆ, ಆದರೂ ಉತ್ತರ ಬೇಕು.

ಆಯಿಲ್ ಹಾಕುವ ಮುಚ್ಚಳದ ಒಳಮೈ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲಿಗೆ ನೀರು ಸೇರಿರಬಹುದು. ಚಳಿಗಾಲದಲ್ಲಿ ಬರೀ ಸಣ್ಣ ದೂರ ಓಡಿದ ಗಾಡಿಯಲ್ಲೂ ತೆಳುವಾಗಿ ಹಾಗೆ ಕಾಣುತ್ತದೆ, ಅದಕ್ಕೇ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಕೂಡ ಎಳೆದು ನೋಡಿ. ಅಲ್ಲೂ ಅದೇ ಬಣ್ಣವಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸಿದ ಪದರ, ಹೋಗಿದೆ ಅನ್ನುವ ಅನುಮಾನ ಗಟ್ಟಿ. ಅದು ಹೋಗುವುದಕ್ಕೂ ಕಾರಣವಿದೆ. ಎಷ್ಟೋ ಹಳೇ ಇಂಜಿನ್ನುಗಳಲ್ಲಿ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿಯಲ್ಲಿದ್ದರೆ ಗ್ಯಾಸ್ಕೆಟ್ ಅದನ್ನು ತಡೆದುಕೊಳ್ಳುತ್ತದೆ. ಒಂದು ಸಲ ಜೋರಾಗಿ ಕಾದರೆ ಬೋಲ್ಟುಗಳ ಹಿಡಿತದಲ್ಲಿರುವ ಹೆಡ್ ಸೊಟ್ಟಗಾಗುತ್ತದೆ. ಚಿಕ್ಕ ಇಂಜಿನ್ನಿನಲ್ಲಿ 0.05 ಮಿಲಿಮೀಟರ್ ಸೊಟ್ಟಗಾದರೂ ಜಾಸ್ತಿಯೇ. ಆಮೇಲೆ ಹೆಡ್ ಇಳಿಸಿ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ಮೈ ಮತ್ತೆ ಸಮ ಮಾಡಿಸಬೇಕು, ಅಷ್ಟರಲ್ಲಿ ಗಾಡಿಯಲ್ಲಿ ಉಳಿಸಿದೆವು ಅಂದುಕೊಂಡ ದುಡ್ಡು ಹೋಗಿರುತ್ತದೆ.

ಟೆಸ್ಟ್ ಡ್ರೈವ್ ಅಂತ ಬಸ್ ಸ್ಟ್ಯಾಂಡ್ ಸುತ್ತ ಒಂದು ರೌಂಡ್ ಹೊಡೆದು ಬರಬೇಡಿ. ನಾಲ್ಕು ಜನ ಕೂತು, ಎಸಿ ಹಾಕಿ, ಏರು ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಹತ್ತಿಸಿ. ಹೈವೇಯಲ್ಲಿ ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ, ಅಲ್ಲಿ ಎಂಥಾ ಗಾಡಿಯೂ ಪಾಸಾಗಬಹುದು. ಏರಿನಲ್ಲಿ ಇಂಜಿನ್ನಿಗೆ ಕೆಲಸ ಜಾಸ್ತಿ, ಗಾಳಿ ಕಮ್ಮಿ. ಎತ್ತರದ ಲೆಕ್ಕವೂ ಇದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, 800 ಮೀಟರಿಗಿಂತ ಮೇಲಿರುವ ಕೋಲಾರದಲ್ಲಿ ಸುಮಾರು 97ರಲ್ಲೇ ಕುದಿಯುತ್ತದೆ, ನಂದಿಬೆಟ್ಟದ ತುದಿಯಲ್ಲಿ 95ರ ಆಸುಪಾಸು. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಈ ಮಿತಿ 115 ಡಿಗ್ರಿಯ ಆಚೆಗೆ ಹೋಗುತ್ತದೆ. ಮುಚ್ಚಳದ ರಬ್ಬರ್ ಸೀಳಿದ್ದರೆ ಆ ರಕ್ಷಣೆ ಇಲ್ಲ. ಸಾವಿರ ರೂಪಾಯಿಯೂ ಆಗದ ಮುಚ್ಚಳ ಬದಲಿಸದೆ ಇಂಜಿನ್ ಕಳೆದುಕೊಂಡವರನ್ನು ಕಂಡರೆ ಸಂಕಟವಾಗುತ್ತದೆ.

ಓಡಿಸುವಾಗ ಹೀಟರನ್ನೂ ಹಾಕಿ ನೋಡಿ. ಕೋಲಾರದಲ್ಲಿ ಹೀಟರ್ ಯಾರಿಗೆ ಬೇಕು ಅನ್ನಬೇಡಿ. ಅದು ಇಂಜಿನ್ನಿನ ಬಿಸಿ ನೀರಿನಿಂದಲೇ ನಡೆಯುವ ಪುಟ್ಟ ರೇಡಿಯೇಟರ್, ಕೊಳವೆಗಳು ತೀರಾ ಸಣ್ಣವು. ಸುಣ್ಣ, ತುಕ್ಕು ಅಲ್ಲಿ ಬೇಗ ಸಿಕ್ಕಿಕೊಳ್ಳುತ್ತವೆ. ಇಂಜಿನ್ ಚೆನ್ನಾಗಿ ಕಾದಿದ್ದೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ನೀರು ಕಮ್ಮಿ ಇದೆ, ಇಲ್ಲವೇ ಕೊಳವೆ ಕಟ್ಟಿದೆ. ಬಿಸಿ ತೋರಿಸುವ ಮೀಟರಿನ ಮುಳ್ಳನ್ನೇ ನಂಬಿ ಕೂರಬೇಡಿ. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಬರೀ ಆವಿಯಲ್ಲಿ ನಿಲ್ಲುತ್ತದೆ, ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಹಾಕಿ, ಜಾಗ ನೋಡಿ ನಿಲ್ಲಿಸಿ. ಸೆಖೆ ತಡೆಯಲಾಗದಿದ್ದರೂ ಇಂಜಿನ್ನಿನ ಬಿಸಿ ಒಂದಿಷ್ಟು ಆ ದಾರಿಯಲ್ಲಿ ಹೊರಹೋಗುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಕಾಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಕಾಗದಪತ್ರದ ಮಾತು ಚಿಕ್ಕದು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ.

ಸುಣ್ಣ ಕಟ್ಟಿದ ಗಾಡಿ ಅಂತ ಬಿಟ್ಟೇ ಬಿಡಬೇಕಾ? ಹೆಡ್ ಸರಿಯಿದ್ದರೆ ಬೇಡ, ಬೆಲೆಯಲ್ಲಿ ಇಳಿಸಿಕೊಂಡು ತಗೊಳ್ಳಿ. ತಂದ ಮೇಲೆ ಮೊದಲ ಕೆಲಸ ಫ್ಲಶ್, ಅಂದರೆ ನೀರು ಓಡುವ ದಾರಿಯನ್ನೆಲ್ಲ ತೊಳೆಯುವುದು. ಸಿಟ್ರಿಕ್ ಆಸಿಡ್ ಅಥವಾ ಅಂಗಡಿಯ ರೇಡಿಯೇಟರ್ ಫ್ಲಶ್ ಸುಣ್ಣವನ್ನು ನಿಧಾನಕ್ಕೆ ಕರಗಿಸುತ್ತದೆ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬೇಡಿ, ಅದು ಸುಣ್ಣದ ಜೊತೆ ಅಲ್ಯೂಮಿನಿಯಂನ್ನೂ ತಿನ್ನುತ್ತದೆ. ಫ್ಲಶ್ ಆದ ಮೇಲೆ ಹೊಸದಾಗಿ ಲೀಕ್ ಕಾಣಿಸಿದರೆ ಮೆಕ್ಯಾನಿಕ್ ಮೇಲೆ ರೇಗಬೇಡಿ. ತೂತು ಮೊದಲೇ ಇತ್ತು, ಸುಣ್ಣ ಮುಚ್ಚಿಕೊಂಡಿತ್ತು. ಥರ್ಮೋಸ್ಟಾಟ್, ಮುಚ್ಚಳ, ಮೆತ್ತಗಾದ ಹೋಸ್ ಪೈಪುಗಳನ್ನು ಅದೇ ಸಲ ಬದಲಿಸಿ. ಆಮೇಲೆ ಕೂಲೆಂಟ್ ಹಾಕಿ, ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಿ. ಚಳಿ ದೇಶದವರಿಗೆ ಕೂಲೆಂಟ್ ನೀರು ಹೆಪ್ಪುಗಟ್ಟದಿರಲು ಬೇಕು, ನಮಗೆ ಬೇಕಿರುವುದು ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳು. ಅವು ಕಾಲಕ್ರಮೇಣ ಖರ್ಚಾಗುತ್ತವೆ, ಹಾಗಾಗಿ ಬಣ್ಣ ಚೆನ್ನಾಗಿದೆ ಅಂತ ಬಿಡದೆ ಡಬ್ಬಿಯ ಮೇಲೆ ಬರೆದ ಅವಧಿಗೆ ಬದಲಿಸಿ. ತೀರಾ ಅನಿವಾರ್ಯವಾದರೆ ಕುಡಿಯುವ ಕ್ಯಾನಿನ ಆರ್‌ಒ ನೀರು ಬೋರ್ ನೀರಿಗಿಂತ ಎಷ್ಟೋ ವಾಸಿ.

ಹಳೆಯ ಕೂಲೆಂಟನ್ನು ಮನೆ ಮುಂದೆ ಚರಂಡಿಗೆ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷವೂ ಹೌದು. ಬೀದಿನಾಯಿಗಳು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಮುಚ್ಚಳ ಬಿಗಿಯಿರುವ ಕ್ಯಾನಿಗೆ ತುಂಬಿ, ಮೇಲೆ ಏನಿದೆ ಅಂತ ದೊಡ್ಡದಾಗಿ ಬರೆದು, ಹಳೇ ಆಯಿಲ್ ತಗೊಳ್ಳುವ ಸರ್ವಿಸ್ ಸೆಂಟರಿನಲ್ಲಿ ಕೇಳಿ ಕೊಡಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದ ಕಡೆ ಇಡಿ.