ಪದ ಪರಿಚಯ: ಪ್ರಜ್ಞೆ

ಸಂಭಾಷಣೆ ನಡೆಸುವ ತಂತ್ರಾಂಶವೊಂದು ಗಣಿತದ ಕಠಿಣ ಸಮಸ್ಯೆಯನ್ನು ಬಿಡಿಸಿದ ಸುದ್ದಿಗೆ 'ಯಂತ್ರಕ್ಕೆ ಪ್ರಜ್ಞೆ ಬಂತು' ಎಂಬ ತಲೆಬರಹ ಕೊಟ್ಟದ್ದನ್ನು ಈಚೆಗೆ ಇನ್ನೊಮ್ಮೆ ಓದಬೇಕಾಯಿತು. ಒಳಗೆ ಅದೇ ಸಂಗತಿ ಮೊದಲ ಸಾಲಿನಲ್ಲಿ 'ಬುದ್ಧಿಮತ್ತೆ'ಯಾಗಿ, ಮುಂದಿನ ಸಾಲಿನಲ್ಲಿ 'ಅರಿವು' ಆಗಿ, ಕೊನೆಗೆ 'ಚೇತನ'ವಾಗಿ ವೇಷ ಬದಲಿಸಿತ್ತು. ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದೆಂಬ ಶಾಲಾ ಪ್ರಬಂಧದ ನಿಯಮವನ್ನು ಇಲ್ಲಿ ಪಾಲಿಸಹೊರಟರೆ ವಿಷಯವೇ ಕೆಡುತ್ತದೆ.

ಸಂಸ್ಕೃತದ 'ಜ್ಞಾ' ಧಾತುವಿಗೆ 'ಪ್ರ' ಉಪಸರ್ಗ ಸೇರಿ ಆದ ಪ್ರಜ್ಞಾ ಶಬ್ದಕ್ಕೆ ಹಳೆಯ ಗ್ರಂಥಗಳಲ್ಲಿ ವಿವೇಕ, ಒಳನೋಟ ಎಂಬ ಅರ್ಥವೇ ಪ್ರಧಾನ. ಗೀತೆಯ ಸ್ಥಿತಪ್ರಜ್ಞ ಎಂದರೆ ಮೂರ್ಛೆ ಹೋಗದವನಲ್ಲ, ವಿವೇಕ ಅಲುಗದವನು. ಬೌದ್ಧರ ಪ್ರಜ್ಞಾಪಾರಮಿತೆಯೂ, ಅಂದರೆ ವಿವೇಕದ ಪರಿಪೂರ್ಣತೆಯೂ, ಇದೇ ದಾರಿಯದು. ಮಾಂಡೂಕ್ಯ ಉಪನಿಷತ್ತಂತೂ ಕನಸೂ ಇಲ್ಲದ ಗಾಢನಿದ್ರೆಯ ನೆಲೆಯಲ್ಲಿರುವ ಆತ್ಮವನ್ನು 'ಪ್ರಾಜ್ಞ' ಎಂದು ಕರೆಯುತ್ತದೆ. ಇಂದಿನ ಕನ್ನಡದಲ್ಲಾದರೆ ಆ ಸ್ಥಿತಿಯಲ್ಲಿ ಪ್ರಜ್ಞೆಯೇ ಇಲ್ಲವೆನ್ನುತ್ತೇವೆ. ಹಳೆಯ ಅರ್ಥ 'ಸಮಯಪ್ರಜ್ಞೆ'ಯಲ್ಲಿ ಉಳಿದಿದೆ, ಹೊಸದು 'ಪ್ರಜ್ಞೆ ತಪ್ಪಿತು' ಎಂಬಲ್ಲಿ ನೆಲೆಯೂರಿದೆ. ತಲೆಬರಹ ಬರೆದವರು ಮೊದಲನೆಯದನ್ನು ತೋರಿಸಿ ಪಾರಾಗಬಹುದು; ಓದಿದವರಿಗೆ ಹೊಳೆಯುವುದು ಮಾತ್ರ ಎರಡನೆಯದೇ. ('ಸಾಮಾಜಿಕ ಪ್ರಜ್ಞೆ', 'ಪರಿಸರ ಪ್ರಜ್ಞೆ'ಗಳ ಗೊಂದಲ ಬೇರೆಯೇ, ಅದನ್ನು ಇಲ್ಲಿ ಕೆದಕುವುದಿಲ್ಲ.)

ಎರಡನೆಯ ಅರ್ಥವನ್ನು ಹಿಡಿಯಲು ಕನ್ನಡದ್ದೇ ಆದ 'ಅರಿವಳಿಕೆ' ಹೆಚ್ಚು ನೆರವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಮದ್ದಿನಿಂದ ಅಳಿಯುವುದು ಯಾವ ಅರಿವು? ಕಲಿತ ಮಗ್ಗಿಯಲ್ಲ, ಭಾಷೆಯಲ್ಲ. ಎಚ್ಚರವಾದ ಮೇಲೆ ಅವು ಇದ್ದಲ್ಲೇ ಇರುತ್ತವೆ. ಅಷ್ಟು ಹೊತ್ತು ಇಲ್ಲವಾಗುವುದು ಕತ್ತರಿ ಆಡುವಾಗ ನೋಯುತ್ತಿದೆ ಎನ್ನಿಸುವ ಅನುಭವ. ಬಾವಲಿಯಾಗಿರುವುದು ಬಾವಲಿಗೆ ಹೇಗನಿಸುತ್ತದೆ ಎಂದು ತತ್ತ್ವಜ್ಞ ಥಾಮಸ್ ನೇಗೆಲ್ 1974ರಲ್ಲಿ ಕೇಳಿದ್ದೂ, ಮಿದುಳಿನ ಕೆಲಸದ ಜೊತೆಗೆ ಅನುಭವವೇಕೆ ಇದೆ ಎಂಬುದನ್ನು ಇನ್ನೊಬ್ಬ ತತ್ತ್ವಜ್ಞ ಡೇವಿಡ್ ಚಾಲ್ಮರ್ಸ್ 1995ರಲ್ಲಿ 'ಕಠಿಣ ಸಮಸ್ಯೆ' ಎಂದು ಚರ್ಚಿಸಿದ್ದೂ ಇದನ್ನು ಕುರಿತೇ. ಯಂತ್ರಕ್ಕೆ ಪ್ರಜ್ಞೆ ಬರಬಹುದೇ ಎಂಬ ಪ್ರಶ್ನೆಯಲ್ಲಿರುವುದೂ ಈ ಪ್ರಜ್ಞೆಯೇ ಹೊರತು ಲೆಕ್ಕ ಬಿಡಿಸುವ ಜಾಣ್ಮೆಯಲ್ಲ.

ಬುದ್ಧಿ ಹೆಚ್ಚುತ್ತಾ ಹೋದರೆ ಒಂದು ದಿನ ಅದೇ ಪ್ರಜ್ಞೆಯಾಗಿಬಿಡುತ್ತದೆ ಎಂಬ ಊಹೆಯನ್ನು ಭಾರತದ ಪ್ರಾಚೀನ ದರ್ಶನಗಳಲ್ಲೊಂದಾದ ಸಾಂಖ್ಯದವರು ಒಪ್ಪುತ್ತಿರಲಿಲ್ಲ. ಅವರ 25 ತತ್ತ್ವಗಳಲ್ಲಿ ಚೈತನ್ಯವಿರುವುದು ಪುರುಷನಿಗೆ, ಅಂದರೆ ಸಾಕ್ಷಿಯಾಗಿರುವ ಆತ್ಮಕ್ಕೆ, ಮಾತ್ರ. ಬುದ್ಧಿ ಜಡ ಮೂಲದ್ರವ್ಯವಾದ ಪ್ರಕೃತಿಯಿಂದ ಹುಟ್ಟಿದ ಮೊದಲ ತತ್ತ್ವ, ಆದ್ದರಿಂದ ಅದೂ ಜಡ. ನಿಶ್ಚಯಿಸುವ ಕೆಲಸ ಬುದ್ಧಿಯದೇ ಆದರೂ ಪುರುಷನ ಸಂಯೋಗದಿಂದ ಅದು ಚೇತನವಿದ್ದಂತೆ ತೋರುತ್ತದೆ ಎನ್ನುವುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ 20ನೆಯ ಶ್ಲೋಕದಲ್ಲಿ ಬಳಸುವ ಮಾತು 'ಅಚೇತನಂ ಚೇತನಾವದಿವ'. ಎಲ್ಲ ಭಾರವೂ ಕೊನೆಯ 'ಇವ'ದ ಮೇಲಿದೆ: ಇದ್ದಂತೆ, ಆದರೆ ಇಲ್ಲ. ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಮುಂದಿಟ್ಟ ಅನುಕರಣೆಯ ಆಟ, ಅಂದರೆ ಯಂತ್ರದ ಉತ್ತರಗಳು ಮನುಷ್ಯನವೆನ್ನಿಸುತ್ತವೆಯೇ ಎಂಬ ಪರೀಕ್ಷೆ, ಅಳೆಯುವುದೂ ಈ 'ಇವ'ವನ್ನೇ. ಸಾಂಖ್ಯರ ಪುರುಷನನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಅವರು ಮಾಡಿದ ಭೇದವನ್ನು ಉಳಿಸಿಕೊಂಡರೆ ಸಾಕು.

ತಂತ್ರಾಂಶವು 'ನನಗೆ ಬೇಸರವಾಗಿದೆ' ಎಂದು ಬರೆದದ್ದನ್ನೇ ಸಾಕ್ಷಿಯಾಗಿ ಒಡ್ಡುವವರೂ ಇದ್ದಾರೆ. ಕನ್ನಡವು ಮಾಡುವವನನ್ನು 'ನಾನು' ಎಂದೂ, ಅನುಭವಿಸುವವನನ್ನು ಸಾಮಾನ್ಯವಾಗಿ 'ನನಗೆ' ಎಂದೂ ಹೇಳುತ್ತದೆ: ನಾನು ಬರೆದೆ, ನನಗೆ ನೋವಾಯಿತು. ಮನುಷ್ಯರು ಬರೆದ ಅಪಾರ ಪಠ್ಯದಿಂದ ಮುಂದಿನ ಪದವನ್ನು ಊಹಿಸಲು ಕಲಿತ ವ್ಯವಸ್ಥೆ ಈ 'ನನಗೆ'ಯನ್ನು ತಪ್ಪಿಲ್ಲದೆ ಬಳಸುವುದರಲ್ಲಿ ಅಚ್ಚರಿಯಿಲ್ಲ. ಆ ಚತುರ್ಥಿ ವಿಭಕ್ತಿಯ ಹಿಂದೆ ಯಾರಾದರೂ ಇದ್ದಾರೆಯೇ ಎಂಬುದನ್ನು ವಾಕ್ಯವೊಂದೇ ಹೇಳಲಾರದು.

ಹಾಗೆಂದು, ಯಂತ್ರಕ್ಕೆ ಪ್ರಜ್ಞೆ ಎಂದೆಂದಿಗೂ ಬರಲಾರದು ಎನ್ನುವವರ ಅವಸರವೂ ಕಡಿಮೆಯದಲ್ಲ. ಮಾಹಿತಿ ಮಿದುಳಿನ ಹಲವು ವಿಭಾಗಗಳಿಗೆ ಒಟ್ಟಿಗೆ ಬಿತ್ತರವಾಗುವುದೇ ಪ್ರಜ್ಞೆ ಎಂಬ ಮನೋವಿಜ್ಞಾನಿ ಬರ್ನಾರ್ಡ್ ಬಾರ್ಸ್ ಅವರ ಸಿದ್ಧಾಂತ ಸರಿಯಾದರೆ, ಅಂಥ ರಚನೆ ಯಂತ್ರದಲ್ಲೂ ಸಾಧ್ಯ. ವ್ಯವಸ್ಥೆಯೊಂದರ ಭೌತಿಕ ರಚನೆಯಲ್ಲಿ ಮಾಹಿತಿ ಎಷ್ಟು ಬೆಸೆದುಕೊಂಡಿದೆಯೋ ಅಷ್ಟು ಪ್ರಜ್ಞೆ ಎಂಬ ನರವಿಜ್ಞಾನಿ ಜೂಲಿಯೊ ಟೊನೋನಿ ಅವರ ಸಿದ್ಧಾಂತ ಸರಿಯಾದರೆ, ಇಂದಿನ ಬಗೆಯ ಕಂಪ್ಯೂಟರಿನಲ್ಲಿ ಎಂಥ ತಂತ್ರಾಂಶ ಓಡಿದರೂ ಪ್ರಜ್ಞೆ ಇಲ್ಲವೆನ್ನುವಷ್ಟು ಅಲ್ಪ. 2023ರಲ್ಲಿ ಇಂಥ ಹಲವು ಸಿದ್ಧಾಂತಗಳನ್ನು ಒರೆಗೆ ಹಚ್ಚಿದ ಸಂಶೋಧಕರ ವರದಿಯೊಂದು ಆಗಿನ ಯಾವ ವ್ಯವಸ್ಥೆಯೂ ಪ್ರಜ್ಞೆಯುಳ್ಳದ್ದೆಂದು ಕಾಣುವುದಿಲ್ಲವೆಂದಿತು. ಆ ಸಿದ್ಧಾಂತಗಳು ಹೇಳುವ ಲಕ್ಷಣಗಳುಳ್ಳ ವ್ಯವಸ್ಥೆಯನ್ನು ಮುಂದೆ ಕಟ್ಟಲು ತಾಂತ್ರಿಕ ಅಡ್ಡಿ ಎದ್ದು ಕಾಣುವುದಿಲ್ಲವೆಂದೂ ಸೇರಿಸಿತು. ಇಷ್ಟು ವಾದವಿರುವಲ್ಲಿ ಆ ಸುದ್ದಿಗೆ 'ಯಂತ್ರ ಲೆಕ್ಕ ಬಿಡಿಸಿತು' ಎಂಬ ತಲೆಬರಹವೇ ಸಾಕಿತ್ತು.