ಅಪ್ಪ-ಅಮ್ಮ ಓದಿಲ್ಲದಿದ್ದರೆ ಮಗಳ ಬುದ್ಧಿಯೂ ಅಷ್ಟೇನಾ?

ಪ್ರಶ್ನೆ: ಸೋಮವಾರಪೇಟೆ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿದ್ದೇವೆ. ನಾನೂ ನಮ್ಮ ಮನೆಯವರೂ ಏಳನೇ ಕ್ಲಾಸ್ ದಾಟಿಲ್ಲ. ಬುದ್ಧಿ ವಂಶದಿಂದಲೇ ಬರುತ್ತದೆ ಅಂತಾರೆ. ಮಗಳನ್ನು ಮುಂದೆ ಓದಿಸಿ ಪ್ರಯೋಜನ ಉಂಟಾ?

ಉತ್ತರ: ಖಂಡಿತ ಓದಿಸಿ. ನೀವು ಶಾಲೆ ಬಿಟ್ಟ ಕ್ಲಾಸು ನಿಮ್ಮ ಬುದ್ಧಿಯ ಅಳತೆಯೇ ಅಲ್ಲ.

ವಂಶದ ಪಾಲು ಇರುವುದು ನಿಜ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬುದ್ಧಿಪರೀಕ್ಷೆಯ ಅಂಕಗಳು ಬೇರೆ ಬೇರೆ ಅಂಡದ ಅವಳಿಗಳಿಗಿಂತ ಹೆಚ್ಚು ಹತ್ತಿರ ಇರುತ್ತವೆ. ಇಂಥ ಅಧ್ಯಯನಗಳನ್ನು ಒಟ್ಟು ಹಾಕಿದರೆ ಅನುವಂಶೀಯತೆ ಸುಮಾರು ಶೇ 50. ಆದರೆ ‘ಬುದ್ಧಿಯ ಜೀನ್’ ಅಂತ ಒಂದಿಲ್ಲ. 2018ರಲ್ಲಿ ಸುಮಾರು 2.7 ಲಕ್ಷ ಜನರ ಡಿಎನ್‌ಎ ಜಾಲಾಡಿದಾಗ ಸಂಬಂಧ ಕಂಡದ್ದು 205 ಜಾಗಗಳಲ್ಲಿ. ಒಂದೊಂದರ ಪ್ರಭಾವವೂ ತೀರಾ ಸಣ್ಣದು.

ಶೇ 50 ಅಂದರೆ ಮಗಳ ಬುದ್ಧಿಯಲ್ಲಿ ಅರ್ಧ ನಿಮ್ಮದು ಎಂದಲ್ಲ. ಒಂದು ಗುಂಪಿನೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ವಂಶದ ಪಾಲೆಷ್ಟು ಎಂಬ ಲೆಕ್ಕ ಅದು. ರೊಬಸ್ಟಾ ಕಾಫಿ ಗಿಡವನ್ನೇ ನೋಡಿ. ಅದು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಹಾಗಾಗಿ ಬೀಜದ ಗಿಡಗಳು ಒಂದರಂತೆ ಇನ್ನೊಂದಿಲ್ಲ. ಅಂಥ ನೂರು ಗಿಡಕ್ಕೆ ಒಂದೇ ನೆರಳು, ಒಂದೇ ಗೊಬ್ಬರ ಸಿಕ್ಕರೆ ಇಳುವರಿಯ ವ್ಯತ್ಯಾಸ ಬಹುಪಾಲು ಬೀಜದ್ದು. ಅದೇ ಒಂದೇ ಗಿಡದ ಕಟಿಂಗ್‌ನಿಂದ ಬೆಳೆಸಿದ ನೂರರಲ್ಲಿ ಅರ್ಧಕ್ಕೆ ಹೂಮಳೆ (ಮೊಗ್ಗು ಅರಳಿಸುವ ಮಳೆ) ಸಮಯಕ್ಕೆ ಸ್ಪ್ರಿಂಕ್ಲರ್ ನೀರು ಬಿದ್ದು, ಉಳಿದವುಗಳ ಮೊಗ್ಗು ಒಣಗಿದರೆ? ವ್ಯತ್ಯಾಸ ನೀರಿನದು, ಅನುವಂಶೀಯತೆ ಸೊನ್ನೆ. ತೋಟ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನವೊಂದರಲ್ಲಿ ಬಡ ಮನೆಗಳಲ್ಲಿ ವಂಶದ ಪಾಲು ಸೊನ್ನೆಯ ಹತ್ತಿರ ಇತ್ತು, ಅನುಕೂಲಸ್ಥರಲ್ಲಿ ಬಹಳ ಹೆಚ್ಚಿತ್ತು.

ಹಾಗಾದರೆ ‘ನೀರು’ ಯಾವುದು? ಮೊದಲು ಅಯೋಡಿನ್. ಗರ್ಭದಲ್ಲಿರುವಾಗ ಅದು ತೀರಾ ಕಡಿಮೆಯಾದರೆ ಮಿದುಳಿನ ಬೆಳವಣಿಗೆಯೇ ಕುಂಠಿತ, ಆಮೇಲೆ ಸರಿಪಡಿಸಲಾಗದು. ಜೋರು ಮಳೆ ಮಣ್ಣಿನ ಅಯೋಡಿನ್ ತೊಳೆದೊಯ್ಯುವ ಗುಡ್ಡಗಾಡಿನಲ್ಲಿ ಬರೀ ಕಲ್ಲುಪ್ಪು ನಂಬಬೇಡಿ. ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಒಲೆಯಿಂದ ದೂರ. ಸಾರನ್ನು ಒಲೆಯಿಂದ ಇಳಿಸುವ ಸ್ವಲ್ಪ ಮುಂಚೆ ಉಪ್ಪು ಹಾಕಿ.

ಶಾಲೆಗೆ ಹೋಗುವ ಮಗಳಿಗೆ ಮುಖ್ಯ ಕಬ್ಬಿಣಾಂಶ. ರಕ್ತ ಕಡಿಮೆ ಇರುವ ಹುಡುಗಿಗೆ ಸುಸ್ತು, ಗಮನ ನಿಲ್ಲದು. ಅದನ್ನೇ ಜನ ದಡ್ಡತನ ಅಂತಾರೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹತ್ತು ವರ್ಷ ದಾಟಿದ್ದರೆ ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಊಟವಾದ ಮೇಲೆ ನುಂಗಲಿ, ಆದರೆ ಹಿಂದುಮುಂದೆ ಒಂದು ಗಂಟೆ ಕಾಫಿ ಬೇಡ. ಕಾಫಿ ಕುಡಿದರೆ ಆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.